ಎಐ ಹೆಸರಲ್ಲಿ ನಾನು

ಮಾರ್ಚ್ ೩, ಸೋಮವಾರ
ಇಂದೂ ಎಐ ಕೋಡ್ ಬರೆಯಿತು. ನಾನು ‘ಒಪ್ಪಿದೆ’ ಒತ್ತಿದೆ. ಬರೆಯಿತು, ಒತ್ತಿದೆ. ನನಗೆ ನಾನೇ ಬಿರುದು ದಯಪಾಲಿಸಿಕೊಂಡಿದ್ದೇನೆ — ಗುಂಡಿಯೊತ್ತುವ ಸಾರ್ವಭೌಮ. ಕೈಯಾರೆ ಬರೆಯಬೇಕೆಂದರೆ ಕಾರಣ ಕೊಟ್ಟು ಮ್ಯಾನೇಜರ್ ಅಪ್ಪಣೆ ಪಡೆಯಬೇಕು. ಪಕ್ಕದ ಕುರ್ಚಿಯ ಅಕ್ಕ ಮಾತ್ರ ಸಾಲುಸಾಲೂ ಓದಿಯೇ ಒತ್ತುವುದು. ನಮ್ಮ ಟಿಕೆಟ್ ಬುಕಿಂಗ್ ಆ್ಯಪಿನಲ್ಲಿ ರದ್ದಾದ ಟಿಕೆಟ್ಟಿನ ಹಣ ವಾಪಸಾಗುವ ಭಾಗ ಕಟ್ಟಿದವರು ಅವರೇ.
“ಎಐ ಬರೆದಿದ್ದು ಒಂದೇ ನೋಟಕ್ಕೆ ಗೊತ್ತಾಗತ್ತೆ ಕಣೋ,” ಎಂದರು. “ಉಪ್ಪಿಲ್ಲ, ಹುಳಿಯಿಲ್ಲ.”
ಪಂಥ ಒಪ್ಪಿಕೊಂಡೆ — ಮನಸ್ಸಿನಲ್ಲೇ.

ಮಾರ್ಚ್ ೫
ಘನಕಾರ್ಯ ಮುಗಿಯಿತು. ಅಕ್ಕನ ಹಳೇ ಭಾಗವನ್ನೇ ಹೊಸದಾಗಿ ಬರೆದೆ. ಎಲ್ಲ ಕೈಯಾರೆ. ಎಐ ಹೆಸರು ಹಚ್ಚಿ ಕಳಿಸಿದೆ. ಎಷ್ಟು ದಿನವಾಗಿತ್ತು ಹೀಗೆ ಬರೆದು... ಬೆರಳಿಗೆ ಜೀವ ಬಂದ ಹಾಗಿತ್ತು. ಇದು ತಮಾಷೆಯ ಮಾತಲ್ಲ. ಈ ಸಾಲು ಹೊಡೆದುಹಾಕಬೇಕು.

ಮಾರ್ಚ್ ೬
ಅಕ್ಕ ಓದಿದರು. ಮತ್ತೆ ಓದಿದರು.
“ಲೋ, ಇದಪ್ಪ ಬರೆಯೋದು ಅಂದ್ರೆ! ನಾನೂ ಹಿಂಗೆ ಬರೀತಿರ್ಲಿಲ್ಲ. ಕಲ್ತುಬಿಡ್ತಲ್ಲೋ ಇದು!”
ನಗು ತಡೆಯಲಾರದೆ ಬಾತ್‌ರೂಮಿಗೆ ಓಡಿದೆ. ಬಂದು ಹೇಳಿಬಿಡೋಣವೆಂದರೆ ಮ್ಯಾನೇಜರ್ ಅಲ್ಲೇ ನಿಂತಿದ್ದರು.
“ಮೇಡಂ, ಇದೇ ಮಾತು ಒಂದು ಮೇಲ್ ಹಾಕ್ತೀರಾ?”
ಅಕ್ಕ ಹಾಕಿದರು. ಇರಲಿ, ನಾಳೆ ಹೇಳಿದರೆ ಇನ್ನೂ ಮಜಾ.

ಮಾರ್ಚ್ ೨೦
ನಾಳೆ ನಾಳೆ ಅಂತ ಇನ್ನೂ ಹೇಳಿಲ್ಲ. ಅಕ್ಕನನ್ನು ಕೆಲಸದಿಂದ ತೆಗೆಯುತ್ತಾರಂತೆ. ಆ ಭಾಗಕ್ಕೆ ಇನ್ನು ಎಐ ಸಾಕಂತೆ.
“ಅದಕ್ಕೆ ಸರ್ಟಿಫಿಕೇಟ್ ಕೊಟ್ಟಿದ್ದು ನಾನೇ ಅಲ್ವೇನೋ,” ಅಂದರು. ನಕ್ಕರು ಕೂಡ.

ಮಾರ್ಚ್ ೨೧
ಮ್ಯಾನೇಜರ್ ಮುಂದೆ ಎಲ್ಲ ಒಪ್ಪಿಕೊಂಡೆ. ಎದ್ದು ಹೋಗಿ ಬಾಗಿಲು ಹಾಕಿದರು.
“ಮೇಡಂ ಮೇಲ್‌ನ ದೊಡ್ಡವ್ರಿಗೆ ತೋರ್ಸಾಯ್ತಪ್ಪಾ. ಈಗ ಸುಳ್ಳು ಅಂದ್ರೆ ನಂದೂ ಹೋಗತ್ತೆ, ನಿಂದೂ ಹೋಗತ್ತೆ.”
“ಅಕ್ಕ...?”
“ಅವ್ರದ್ದು ತೀರ್ಮಾನ ಆಗಿದೆ. ಇನ್ಮೇಲೆ ನೀನೇ ಬರಿ. ಅದರ ಹೆಸರಲ್ಲೇ.”

ಮಾರ್ಚ್ ೨೬
ಸಾರ್ವಭೌಮರು ಪದಚ್ಯುತರಾಗಿ ಭೂತವಾಗಿದ್ದಾರೆ. ಕಿಟಕಿಯಿಲ್ಲದ ಮೀಟಿಂಗ್ ರೂಮು, ಒಳಗಿನಿಂದ ಚಿಲಕ. ಎಐ ಹೆಸರಲ್ಲಿ ಬರೆಯುತ್ತೇನೆ. ಹೊರಗೆ ಬಂದು ನನ್ನ ಹೆಸರಲ್ಲಿ ಒಪ್ಪುತ್ತೇನೆ. ಊಟಕ್ಕೆ ಕೂತಾಗ ಎಲ್ಲರೂ ಅದನ್ನು ಹೊಗಳುತ್ತಾರೆ. ತಲೆಯಾಡಿಸುತ್ತೇನೆ.

ಮಾರ್ಚ್ ೨೮, ಸಂಜೆ
ಅಕ್ಕನ ಕೊನೆಯ ದಿನ. ಲಿಫ್ಟಿನ ತನಕ ಅವರ ಸಾಮಾನಿನ ಡಬ್ಬ ಹೊತ್ತೆ.
“ಒಂದು ಮಾತು ಕಣೋ. ಅದು ತಪ್ಪು ಮಾಡಿದ್ರೆ ಕಣ್ಮುಚ್ಕೊಂಡು ಒತ್ಬಿಡಬೇಡ. ಆ ಕಡೆ ಯಾರೋ ದುಡ್ಡಿಗೆ ಕಾಯ್ತಿರ್ತಾರೆ.”
ಡಬ್ಬ ತೆಗೆದುಕೊಂಡು ಒಳಗೆ ಹೋದರು.
“ಅಕ್ಕಾ, ಅದು...”
ಮೊಣಕೈ ಅಡ್ಡ ಕೊಟ್ಟು ಬಾಗಿಲು ತಡೆದರು. “ಏನೋ? ಹೇಳು.”
“ಅದು ನಾನು, ಅಕ್ಕಾ. ಬರೆದಿದ್ದು ನಾನು.”