ಎರಡನೇ ಗುಂಡಿ

ಅಕ್ಕಾ,

ನಾಳೆಯಿಂದ ನಾನು ಅಂಗಡಿಗೆ ಬರುವುದಿಲ್ಲ. ಶಾಲೆಯ ಅಂಗಿಗಳಿಗೆಲ್ಲ ಕಾಜಾ ಹಾಕಿ ಮುಗಿಸಿದ್ದೇನೆ, ಗುಂಡಿ ಮಾತ್ರ ಬಾಕಿ. ನೀವು ಕೊಟ್ಟ ಕತ್ತರಿ ಮಿಷನ್ನಿನ ಮೇಲಿದೆ.

ನನಗೆ ಗುಂಡಿ ಹಾಕಲು ಕಲಿಸಿದವರು ನೀವು. ದಾರ ಅಡ್ಡಡ್ಡ ಹಾಯಬೇಕು, ಬುಡಕ್ಕೆ ಸುತ್ತಿ ಗಂಟನ್ನು ಬಟ್ಟೆಯೊಳಗೆ ಮುಚ್ಚಬೇಕು. "ಊರಲ್ಲಿ ಇನ್ಯಾರೂ ಹೀಗೆ ಹಾಕಲ್ಲ ಕಣೇ, ಇದು ನನ್ನ ಕೈ" ಅಂದಿದ್ದಿರಿ. ಡಿಗ್ರಿಯಲ್ಲಿ ಏನೂ ತಲೆಗೆ ಹತ್ತದವಳಿಗೆ ಇದೊಂದು ಚೆನ್ನಾಗಿ ಹತ್ತಿತು.

ಇವತ್ತು ನಿಮ್ಮ ಮನೆಯವರ ನೀಲಿ ಅಂಗಿಗೆ ಇಸ್ತ್ರಿ ಹಾಕುತ್ತಾ ನೀವು ಎರಡನೇ ಗುಂಡಿಯ ಹತ್ತಿರ ನಿಂತಿರಿ. "ಇದನ್ನ ಯಾವಾಗ ಹಾಕಿದೆ ನಾನು? ನೆನಪೇ ಇಲ್ವಲ್ಲ! ನಾಳೆ ಡಾಕ್ಟರಿಗೆ ತೋರಿಸಿಬಿಡ್ತೀನಿ" ಎಂದು ನಕ್ಕಿರಿ. ಆಮೇಲೆ ಎಂದಿನಂತೆ ನಿಮ್ಮ ಡಬ್ಬಿಯ ಅರ್ಧ ಊಟ ನನಗೆ ಬಡಿಸಿದಿರಿ. ನಾನು ತಿಂದೆ. ಅದೂ ನನ್ನ ತಪ್ಪಿನ ಲೆಕ್ಕಕ್ಕೆ ಸೇರಿಕೊಳ್ಳಲಿ.

ನಿಮಗೆ ಅವರು ಮನೆಯವರು, ನನಗೆ ಕಾಲೇಜಿನ ಗೆಳೆಯ. ನನ್ನನ್ನು ನಿಮ್ಮ ಹತ್ತಿರ ಕೆಲಸಕ್ಕೆ ಸೇರಿಸಿದವನೂ ಅವನೇ. ಅವನು ಬರೀ ಗೆಳೆಯನಾಗಿ ಉಳಿದಿಲ್ಲ, ನಾನು ಉಳಿಸಿಕೊಳ್ಳಲೂ ಇಲ್ಲ. ಆ ಗುಂಡಿ ಕಿತ್ತು ಬಂದದ್ದು ನನ್ನ ರೂಮಿನಲ್ಲಿ. ಗೊತ್ತಾಗದಿರಲಿ ಎಂದು ಅಲ್ಲೇ ಕೂತು ಹಾಕಿಕೊಟ್ಟೆ. ಬೇರೆ ದಿನವಾಗಿದ್ದರೆ, ಗುಂಡಿ ನಾನೇ ತೋಡಿಕೊಂಡೆ ಅಂತ ಏನಾದರೂ ಚಟಾಕಿ ಹಾರಿಸುತ್ತಿದ್ದೆ.

ಕ್ಷಮಿಸಿ ಅಂತ ಕೇಳಲಾರೆ. ಒಂದೇ ಕೋರಿಕೆ: ನಾಳೆ ಡಾಕ್ಟರ ಹತ್ತಿರ ಹೋಗಬೇಡಿ. ನಿಮ್ಮ ನೆನಪು ಸರಿಯಾಗೇ ಇದೆ ಅಕ್ಕಾ, ಆ ಗುಂಡಿ ನೀವು ಹಾಕಿದ್ದಲ್ಲ.

ಇಂತಿ,
ನೀವು ಚಟಾಕಿ ಎಂದು ಕರೆಯುತ್ತಿದ್ದವಳು