ಚೀಟಿ ಇಲ್ಲದ ಕೋಸಂಬರಿ

ಅಮೆರಿಕದ ಶುಗರ್ ಲ್ಯಾಂಡಿನ ಕನ್ನಡ ಮಹಾಜನರೇ, ಮನೆಗೊಂದು ಅಡುಗೆಯ ಪಾಟ್‌ಲಕ್ಕಿಗೆ ಪಾತ್ರೆ ಹೊತ್ತು ಬಂದ ಪುಣ್ಯವಂತರೇ, ಚೀಟಿ ಓದದೆ ಚಮಚ ಎತ್ತದ ಬುದ್ಧಿವಂತರೇ! ಮತ್ತು ಬೀಜದ ಲ್ಯಾಬಿನಲ್ಲಿ ಜೋಳದ ಜೀನ್ ತಿದ್ದುತ್ತಿದ್ದು, ಹೋದ ವರ್ಷ ಕ್ಯಾನ್ಸರಿನಲ್ಲಿ ಹೋಗಿಬಿಟ್ಟ ನನ್ನ ಹೆಂಡತಿ ಸುಚೇತಾ,

ಇವತ್ತು ಯುಗಾದಿ ಊಟಕ್ಕೆ ನಿನ್ನ ಹಾಗೇ ಮುಸುಕಿನ ಜೋಳದ ಕೋಸಂಬರಿ ಮಾಡಿಕೊಂಡು ಹೋಗಿದ್ದೆ. ಪ್ರತಿ ಪಾತ್ರೆಯ ಮುಂದೂ ಚೀಟಿ: ಈರುಳ್ಳಿ ಇಲ್ಲ, ನಟ್ಸ್ ಇಲ್ಲ, ಜೀನ್ ತಿದ್ದಿದ ಜಿಎಂಒ ಇಲ್ಲ. ಉಪ್ಪಿನ ಡಬ್ಬಿಗೂ ಒಂದು ಅಂಟಿಸಿದ್ದರು. ನನ್ನ ಪಾತ್ರೆಗೆ ಮಾತ್ರ ಇರಲಿಲ್ಲ. ಯಾರೂ ಮುಟ್ಟಲಿಲ್ಲ.

ವಸುಧಾ ಆಂಟಿ ಬಗ್ಗಿ ನೋಡಿದರು. "ಇದು ಸುಚೇತಾ ಲ್ಯಾಬಿನ ಜೋಳ ಅಲ್ಲ ತಾನೇ?"

"ಅಂಗಡೀದು ಆಂಟಿ."

"ಬೇಜಾರು ಮಾಡ್ಕೋಬೇಡಪ್ಪ. ಅದನ್ನೇ ತಿಂದೂ ತಿಂದೂ ಪಾಪ ಅವಳಿಗೆ ಹಾಗಾಯ್ತು ಅಂತ ಎಲ್ಲರೂ ಅಂತಾರೆ."

ನಾನು ಬಿಡಲಿಲ್ಲ. ನೀನು ಪ್ರತಿ ಪಾರ್ಟಿಯಲ್ಲೂ ತಾಳ್ಮೆಯಿಂದ ವಿವರಿಸುತ್ತಿದ್ದದ್ದನ್ನೆಲ್ಲ ಹೇಳಿದೆ. ಆ ಜೋಳಕ್ಕೂ ನಿನ್ನ ಕಾಯಿಲೆಗೂ ಸಂಬಂಧವೇ ಇಲ್ಲ ಅಂತ ಪ್ರಾಸ ಹಾಕಿ ಭಾಷಣ ಬಿಗಿದೆ. ಸಭೆ ತಲೆದೂಗಿತು.

ಸುಳ್ಳು, ಸುಚೇತಾ. ನಾನು ಬಾಯಿ ಬಿಡಲೇ ಇಲ್ಲ. ಆಂಟಿ ಹೇಳಿದ್ದೇ ನಿಜವಾಗಿರಬಾರದೇ ಅನ್ನಿಸಿತು. ನೀನು ಹೋದದ್ದಕ್ಕೆ ಒಂದು ಕಾರಣವಾದರೂ ಸಿಕ್ಕಂತಾಗುತ್ತಿತ್ತು.