ತಂಗಿಯ ಹೆಸರಿನಲ್ಲಿ ಒಂದು ಉತ್ತರ

ಮಾರ್ಚ್ 14, ಶುಕ್ರವಾರ

ಇದನ್ನು ಇಲ್ಲೂ ಬರೆಯದೆ ಬಿಡೋಣ ಎಂದುಕೊಂಡಿದ್ದೆ. ಇಂದು ತೀರಿಹೋದ ತಂಗಿಯ ಹೆಸರಿನಲ್ಲಿ ನಾನು ಉತ್ತರ ಕೊಟ್ಟೆ.

ಅವಳು ಮಾಡಿದ್ದ ಬ್ರೌಸರ್ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ, ವೆಬ್ ಪುಟಗಳಲ್ಲಿ ಕುಣಿಯುವ ಜಾಹೀರಾತುಗಳನ್ನು ಅಡಗಿಸಿ, ಅಕ್ಷರಗಳನ್ನು ದೊಡ್ಡದು ಮಾಡುತ್ತದೆ. ನನಗೆ ಚಾಳೀಸು ಬಂದಾಗ ಶುರುಮಾಡಿದ್ದು. "ಅಕ್ಕಾ, ನಿನ್ನ ಕತ್ತು ಕೊಕ್ಕರೆ ಥರ ಉದ್ದ ಆಗ್ತಿದೆ, ಹಿಂದೆ ಕೂತು ಓದು" ಎಂದು ನಕ್ಕಿದ್ದಳು.

ಬಳಸುವವರು ಅಭಿಪ್ರಾಯ ಬರೆಯುವ ಅದರ ಪುಟದಲ್ಲಿ ಒಬ್ಬ ನರ್ಸ್ ಬರೆದಿದ್ದರು: "ಏನ್ ತಂಗೀ, ಬ್ರೌಸರ್ ಅಪ್‌ಡೇಟ್ ಆದ್ಮೇಲೆ ಅಕ್ಷರ ಮತ್ತೆ ಇರುವೆ ಥರ ಆಗಿದೆ. ಎಲ್ಲಿ ಮಲಗಿಬಿಟ್ಟೆ?" ಆ ಪ್ರಶ್ನೆಯನ್ನು ತಡೆದುಕೊಳ್ಳಲಾಗಲಿಲ್ಲ. ತಂಗಿಯ ಖಾತೆ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದೇ ಇತ್ತು. "ಸ್ವಲ್ಪ ತಾಳಿ, ಸರಿ ಮಾಡ್ತೀನಿ" ಎಂದು ಬರೆದು ಕಳಿಸಿಬಿಟ್ಟೆ.

ಕೂಡಲೇ ಬಂತು: "ಅಬ್ಬಾ, ಬದುಕಿದೀಯಲ್ಲ! ಅಷ್ಟು ಸಾಕು, ನಿಧಾನಕ್ಕೆ ಮಾಡು."

ಆ ಗಳಿಗೆ ನನಗೂ ಹಾಗೆಯೇ ಅನ್ನಿಸಿತು. ಅವಳು ಎಲ್ಲೋ ಕೆಲಸದಲ್ಲಿ ಮುಳುಗಿದ್ದಾಳೆ, ಅಷ್ಟೇ. ನಾನು ಸುಳ್ಳು ಹೇಳಿದ್ದು ಆ ನರ್ಸ್‌ಗೋ, ನನಗೋ? ಅಳಿಸಲು ಹೋದೆ, ಕೈ ಬರಲಿಲ್ಲ. ಒಬ್ಬರ ಪಾಲಿಗಾದರೂ ಅವಳಿನ್ನೂ ಇದ್ದಾಳೆ.

ಆದರೆ ಆಕೆ ಕಾಯುತ್ತಾರೆ. ನಿಜವನ್ನು ನನ್ನದೇ ಹೆಸರಿನಲ್ಲಿ ಬರೆದಿಟ್ಟಿದ್ದೇನೆ. ಮೊದಲು ತಂಗಿಯ ಗಂಡ ಭಾನುವಾರ ಓದಿ ಒಪ್ಪಲಿ. ಆ ಪುಟದಲ್ಲಿ ಹಾಕುವುದು ಸೋಮವಾರ, ಮಾರ್ಚ್ 17.